ಹಳೆಯ ಗೋಡೆಗೆ ತಕ್ಕ ಗಾರೆ



ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ಇಂಡಿ ಸೀಮೆಯಲ್ಲಿ, ಝಳಕಿ ಎಂಬುದೊಂದು ಊರು. ದಾರಿಹೋಕರಿಗೆ ಅಲ್ಲಿ ಕಾಣುವುವು ಅಂಗಡಿಗಳು, ಸಿಮೆಂಟಿನ ಹೊಸ ಕಟ್ಟಡಗಳು, ನಿಂತ ಲಾರಿಗಳು. ದಾರಿಯನ್ನು ಬಿಟ್ಟು ಒಳಗಿನ ಓಣಿಗಳನ್ನು ಹೊಕ್ಕವರಿಗೆ ಮಾತ್ರ, ಕರಿಕಲ್ಲಿನ ದಪ್ಪ ಗೋಡೆಗಳ ಹಳೆಯ ಮಾಳಿಗೆಮನೆಗಳು ಕಣ್ಣಿಗೆ ಬೀಳುತ್ತವೆ. ಇಂಥ ಮನೆಗಳು ಝಳಕಿಯಲ್ಲಿ ಮಾತ್ರವಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಿನ ಹಳ್ಳಿಗಳಲ್ಲಿಯೂ ಉಂಟು. ಬೇಸಗೆಯಲ್ಲಿ ತಂಪಾಗಿಯೂ ಚಳಿಯಲ್ಲಿ ಬೆಚ್ಚಗೂ ಇರುವ ಈ ಮನೆಗಳು ಎರಡು ಮೂರು ತಲೆಮಾರುಗಳಿಗೆ ನೆರಳು ಕೊಟ್ಟಿವೆ. ಆದರೆ ಹಳೆಯದಾದ ಮೇಲೆ ದುರಸ್ತಿಯಿಲ್ಲದೆ ಯಾವ ಮನೆಯೂ ನಿಲ್ಲದು. ಮಳೆಗಾಲ ಮುಗಿದೊಡನೆ ಎಲ್ಲಿಯೋ ಒಂದು ಮೂಲೆಯಲ್ಲಿ ಗಿಲಾವು ಉದುರಿರುತ್ತದೆ, ಕಲ್ಲಿನ ಸಂದು ತೆರೆದಿರುತ್ತದೆ. ಆಗ ಮನೆಯ ಯಜಮಾನನು ಗೌಂಡಿಯನ್ನು ಕರೆಯುತ್ತಾನೆ. ಗೌಂಡಿಯು ಗೋಡೆಯನ್ನು ಒಮ್ಮೆ ನೋಡಿ, “ನಾಲ್ಕು ಚೀಲ ಸಿಮೆಂಟು ತರಿಸಿರಿ” ಎನ್ನುತ್ತಾನೆ.

ಈ ನಾಲ್ಕು ಚೀಲಗಳ ವಿಚಾರವನ್ನೇ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಹಳೆಯ ದಪ್ಪ ಗೋಡೆಯನ್ನು ಯಾವ ಗಾರೆಯಿಂದ ಸರಿಪಡಿಸಬೇಕು, ಯಾವುದರಿಂದ ಕೂಡದು, ಏಕೆ ಕೂಡದು ಎಂಬುದೇ ನನ್ನ ವಿಷಯ. ನಾನು ಇಂಜಿನಿಯರನಲ್ಲ, ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಈ ವಿಷಯದಲ್ಲಿ ತಪ್ಪು ಮಾಡಿ, ಅದರ ಬೆಲೆಯನ್ನು ತೆತ್ತು, ಆ ಮೇಲೆ ತಿಳಿದುಕೊಂಡವನು. ಆದಕಾರಣ ಮಾತನಾಡುವ ಅಧಿಕಾರ ಅಷ್ಟಿಷ್ಟು ಉಂಟೆಂದು ಭಾವಿಸಿದ್ದೇನೆ.

ಮೊದಲು ಗೋಡೆಯ ರಚನೆಯನ್ನು ತಿಳಿಯೋಣ. ಹೊರಗಿನಿಂದ ನೋಡಿದರೆ ಅದು ಅಖಂಡವಾದ ಕಲ್ಲಿನ ಗೋಡೆ; ಒಡೆದು ನೋಡಿದರೆ ಸಂಗತಿ ಬೇರೆ. ಹೊರಗೆ ಒಂದು ಸಾಲು ಕಲ್ಲು, ಒಳಗೆ ಒಂದು ಸಾಲು ಕಲ್ಲು. ನಡುವಿನ ಹೊಟ್ಟೆಯಲ್ಲಿ ಮಣ್ಣು ಮತ್ತು ಕಲ್ಲಿನ ಚೂರು. ಎಲ್ಲವೂ ಕೂಡಿ ಎರಡರಿಂದ ಮೂರು ಅಡಿ ದಪ್ಪ. ಕಲ್ಲನ್ನು ಕಲ್ಲಿಗೆ ಹೊಂದಿಸಿರುವುದು ಸಾಮಾನ್ಯವಾಗಿ ಕಲಸಿದ ಮಣ್ಣು. ಅನುಕೂಲವಂತರ ವಾಡೆಗಳಲ್ಲಿ ಸುಣ್ಣದ ಗಾರೆ. ತಳದಲ್ಲಿ ತೇವವನ್ನು ತಡೆಯುವ ಪದರವೆಂಬುದು ಯಾವುದೂ ಇಲ್ಲ. ಮೇಲೆ ಮರದ ತೊಲೆ, ಜಂತಿಗಳ ಮೇಲೆ ಹರಡಿದ ಮಣ್ಣಿನ ಮೇಲ್ಮುದ್ದೆ.

ಇಂಥ ಗೋಡೆಯು ನೀರನ್ನು ಪೂರ್ತಿಯಾಗಿ ಹೊರಗಿಡುವುದಿಲ್ಲ. ಅದು ನೆಲದಿಂದ ಸ್ವಲ್ಪ ತೇವವನ್ನು ಹೀರುತ್ತದೆ, ಮಳೆಯಿಂದ ಸ್ವಲ್ಪ ಹೀರುತ್ತದೆ; ಬಿಸಿಲು ಬಿದ್ದಾಗ, ಗಾಳಿ ಬೀಸಿದಾಗ ಅದನ್ನು ಆವಿಯಾಗಿ ಬಿಟ್ಟುಕೊಡುತ್ತದೆ. ನಮ್ಮ ಕುರುಬರ ಕಂಬಳಿಯನ್ನು ನೆನೆದುಕೊಳ್ಳಿರಿ. ಮಳೆಯಲ್ಲಿ ಕಂಬಳಿ ನೆನೆಯುತ್ತದೆ. ಆದರೂ ಹೊದ್ದವನ ಮೈ ಕೆಡುವುದಿಲ್ಲ, ಮಳೆ ನಿಂತಮೇಲೆ ಕಂಬಳಿ ಆರಿಕೊಳ್ಳುತ್ತದೆ. ಸಿಮೆಂಟಿನ ಹೊಸ ಮನೆಯಾದರೋ ರಬ್ಬರಿನ ಮಳೆಯಂಗಿಯಂತೆ. ಹರಿಯದಿರುವವರೆಗೆ ಅದು ನೀರನ್ನು ಬಿಡುವುದಿಲ್ಲ. ಎರಡೂ ಒಳ್ಳೆಯವೇ. ಆದರೆ ನೆನೆದ ಕಂಬಳಿಯ ಮೇಲೆ ಮಳೆಯಂಗಿಯನ್ನು ತೊಟ್ಟು ಗುಂಡಿ ಹಾಕಿಕೊಂಡವನ ಗತಿಯೇನು? ಹಳೆಯ ಗೋಡೆಗೆ ಸಿಮೆಂಟು ಬಳಿಯುವುದೆಂದರೆ ಇದೇ.

ನಮ್ಮ ಸೀಮೆಯಲ್ಲಿ ಈ ದೋಷವು ಬೇರೆಡೆಗಿಂತ ಹೆಚ್ಚಿನದು. ಅದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ನಮ್ಮ ಕಲ್ಲು. ದಕ್ಷಿಣ ಪ್ರಸ್ಥಭೂಮಿಯ ಈ ಕರಿಕಲ್ಲು ಬಲು ಪುರಾತನ ಕಾಲದಲ್ಲಿ ಭೂಗರ್ಭದಿಂದ ಉಕ್ಕಿ ಹರಿದು ಗಟ್ಟಿಯಾದ ಶಿಲಾರಸ. ಗಟ್ಟಿಯಾದ ಒಳ್ಳೆಯ ಕರಿಕಲ್ಲು ನೀರನ್ನು ಹೀರುವುದು ಅತ್ಯಲ್ಪ. ಹಾಗಾದರೆ ಗೋಡೆಯ ಹೊಟ್ಟೆಯ ತೇವ ಹೊರಗೆ ಬರುವುದು ಎಲ್ಲಿಂದ? ಕಲ್ಲಿನ ಮೂಲಕವಲ್ಲ, ಕಲ್ಲುಗಳ ನಡುವಿನ ಸಂದುಗಳ ಮೂಲಕ. ಆ ಸಂದುಗಳಲ್ಲಿರುವ ಮಣ್ಣು ಅಥವಾ ಸುಣ್ಣವೇ ಗೋಡೆಯ ಉಸಿರಾಟದ ದಾರಿ. ಇದ್ದ ಆ ಒಂದೇ ಬಾಗಿಲನ್ನು ಸಿಮೆಂಟಿನಿಂದ ಮುಚ್ಚಿದರೆ ತೇವವು ಒಳಗೇ ನಿಲ್ಲದೆ ಬೇರೆ ಮಾಡುವುದೇನು?

ಎರಡನೆಯದು ನಮ್ಮ ಮಣ್ಣು. ಎರೆಭೂಮಿಯು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಹಳೆಯ ಗೋಡೆಯೂ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಏಳುತ್ತದೆ, ಇಳಿಯುತ್ತದೆ. ಮಣ್ಣು, ಸುಣ್ಣಗಳು ಮೆತ್ತಗಿರುವುದರಿಂದ ಈ ಚಲನೆಯನ್ನು ಸಹಿಸಿಕೊಳ್ಳುತ್ತವೆ. ಸಿಮೆಂಟು ಸಹಿಸದು, ಸೀಳುತ್ತದೆ. ಆ ಸೀಳಿನಿಂದ ಮಳೆಯ ನೀರು ಒಳಗೆ ಹೋಗುತ್ತದೆ. ಹಿಂತಿರುಗಿ ಬರಲು ದಾರಿ ಮಾತ್ರ ಇರುವುದಿಲ್ಲ. ಅಲ್ಲದೆ ಡೋಣಿ ನದಿಯ ಇಕ್ಕೆಲಗಳಲ್ಲಿ ಸವಳು ನೆಲ ಬಹಳ. ನೆಲದ ಲವಣವು ತೇವದೊಡನೆ ಗೋಡೆಯನ್ನು ಏರುತ್ತದೆ. ತೇವ ಆವಿಯಾದಲ್ಲಿ ಲವಣವು ಹರಳುಗಟ್ಟಿ ಉಳಿಯುತ್ತದೆ. ಹರಳುಗಟ್ಟುವಾಗ ಉಬ್ಬಿ ಸುತ್ತಲಿನ ಪದರವನ್ನು ಪುಡಿಮಾಡುತ್ತದೆ. ಸುಣ್ಣದ ಗಿಲಾವಿದ್ದರೆ ಈ ಪುಡಿಯಾಗುವಿಕೆ ಗಿಲಾವಿನ ಮೇಲ್ಮೈಯಲ್ಲಿ ನಡೆದು ತೀರುತ್ತದೆ. ಸಿಮೆಂಟು ಇದ್ದರೆ ಅದರ ಹಿಂದೆ, ಗೋಡೆಯ ಮೈಯಲ್ಲಿಯೇ ನಡೆಯುತ್ತದೆ. ಅನೇಕರು ಗೋಡೆಯ ಬುಡಕ್ಕೆ ಮೂರು ಅಡಿ ಎತ್ತರದ ಸಿಮೆಂಟಿನ ಪಟ್ಟಿಯನ್ನು ಬಳಿಯಿಸುತ್ತಾರೆ. ಎರಡು ವರ್ಷಗಳ ಮೇಲೆ ನೋಡಿದರೆ, ಮೊದಲು ಒಂದು ಅಡಿಯವರೆಗೆ ಇದ್ದ ತೇವವು ಪಟ್ಟಿಯನ್ನು ದಾಟಿ ನಾಲ್ಕನೆಯ ಅಡಿಯಲ್ಲಿ ಕಾಣಿಸಿಕೊಂಡಿರುತ್ತದೆ. ತೇವ ಹೋಗಲಿಲ್ಲ, ಮೆಟ್ಟಿಲು ಹತ್ತಿತು, ಅಷ್ಟೆ.

ಈಗ ನಮ್ಮ ಮನೆಯ ಕಥೆಯನ್ನು ಹೇಳಿಬಿಡುತ್ತೇನೆ. ನಮ್ಮ ಅಜ್ಜ ಕಟ್ಟಿಸಿದ ಮನೆಯ ಹಿಂಗೋಡೆಯ ಸಂದುಗಳಿಂದ ಮಣ್ಣು ಉದುರುತ್ತಿತ್ತು. ಆಗತಾನೆ ನೌಕರಿಗೆ ಸೇರಿದ್ದ ನಾನು, ಓದಿದವನೆಂಬ ಹೆಮ್ಮೆಯಿಂದ, “ಈ ಮಣ್ಣುಗೆಲಸ ಸಾಕು, ಗಟ್ಟಿಯಾಗಿ ಮಾಡಿಸೋಣ” ಎಂದು ತಂದೆಯವರನ್ನು ಒಪ್ಪಿಸಿ, ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಿದೆ. ಗೋಡೆ ಕನ್ನಡಿಯಂತಾಯಿತು. ಊರವರು ಹೊಗಳಿದರು. ಎರಡನೆಯ ವರ್ಷ ಗೋಡೆಯ ನಡುವೆ ಅಂಗೈಯಗಲ ಹೊಟ್ಟೆ ಬಂದಿತು. ತಟ್ಟಿದರೆ ಟೊಳ್ಳು ಸದ್ದು. ನಾನು ಅದನ್ನು ಲೆಕ್ಕಿಸಲಿಲ್ಲ. ೨೦೦೯ನೆಯ ಇಸವಿಯ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಬಿದ್ದ ಆ ಮಹಾಮಳೆಯನ್ನು ತಾವು ಬಲ್ಲಿರಿ. ಸಾವಿರಾರು ಮನೆಗಳು ಬಿದ್ದುವು, ಬಹು ಮಂದಿ ಸತ್ತರು. ಆ ರಾತ್ರಿಗಳಲ್ಲೊಂದು ರಾತ್ರಿ ನಮ್ಮ ಹಿಂಗೋಡೆಯ ಒಳಮೈಯಷ್ಟೂ ಕಳಚಿ ಜೋಳದ ಚೀಲಗಳ ಮೇಲೆ ಬಿದ್ದಿತು. ತಾಯಿಯವರು ಅಲ್ಲಿಯೇ ಮಲಗುತ್ತಿದ್ದವರು, ಮೇಲ್ಮುದ್ದೆ ಸೋರಿತೆಂದು ಅದೇ ಸಂಜೆ ಹಾಸಿಗೆಯನ್ನು ಪಡಸಾಲೆಗೆ ತಂದಿದ್ದರು. ಬೆಳಗಾದ ಮೇಲೆ ನೋಡಿದರೆ, ಸಿಮೆಂಟಿನ ಹಲಗೆಗಳು ಮುರಿಯದೆ ಹಾಗೆಯೇ ಬಿದ್ದಿದ್ದುವು. ಅವುಗಳ ಹಿಂದಿನ ಮಣ್ಣು ಅಂಬಲಿಯಾಗಿತ್ತು. ಮಳೆ ಅಸಾಧಾರಣವಾದದ್ದು ನಿಜ. ಮಣ್ಣಿನ ಗೋಡೆಗಳೂ ಬಿದ್ದುವೆಂಬುದೂ ನಿಜ. ಆದರೆ ಅದೇ ಮನೆಯ, ಅದೇ ಕಲ್ಲಿನ, ನಾನು ಮುಟ್ಟದೆ ಬಿಟ್ಟಿದ್ದ ಬದಿಯ ಗೋಡೆ ನಿಂತಿತ್ತು.

ಬಿದ್ದ ಗೋಡೆಯನ್ನು ಎತ್ತಲು ಬಂದ ಮುದುಕ ಗೌಂಡಿಯೊಬ್ಬರು ಒಂದು ಹಲಗೆಯನ್ನು ತಿರುಗಿಸಿ ನೋಡಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮಾಸ್ತರ, ಗಾರಿ ಯಾವಾಗ್ಲೂ ಗ್ವಾಡಿಕಿಂತ ಮೆತ್ತಗಿರಬೇಕ್ರಿ. ಕೆಡೂದಿದ್ರ ಗಾರಿ ಕೆಡ್ಲಿ, ಗ್ವಾಡಿ ಉಳೀಲಿ.” ಈ ವಿಷಯದ ಶಾಸ್ತ್ರವೆಲ್ಲ ಆ ಮಾತಿನಲ್ಲಿ ಅಡಗಿದೆ. ಗಾರೆಯು ಗೋಡೆಗಾಗಿ ಸವೆಯತಕ್ಕದ್ದು. ಹತ್ತಿಪ್ಪತ್ತು ವರ್ಷಗಳಿಗೊಮ್ಮೆ ಸಂದು ತುಂಬಿಸುವುದು ದೊಡ್ಡ ಖರ್ಚಲ್ಲ. ಗೋಡೆಯನ್ನೇ ಮತ್ತೆ ಕಟ್ಟಿಸುವುದು ದೊಡ್ಡದು.

ಇದರಿಂದ ಸಿಮೆಂಟನ್ನು ನಾನು ನಿಂದಿಸುತ್ತೇನೆಂದು ತಾವು ತಿಳಿಯಬಾರದು. ೧೮೨೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬಾತನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದನು. ನಮ್ಮ ದೇಶದಲ್ಲಿ ೧೯೦೪ರಲ್ಲಿ ಮದರಾಸಿನಲ್ಲಿ ಮೊದಲ ಪ್ರಯತ್ನ ನಡೆದು, ೧೯೧೪ರಲ್ಲಿ ಪೋರಬಂದರದಲ್ಲಿ ತಯಾರಿಕೆ ನೆಲೆಗೊಂಡಿತು. ಮುಂದೆ ನಮ್ಮ ನೆರೆಯ ಶಹಾಬಾದಿನಲ್ಲಿಯೂ ಕಾರ್ಖಾನೆ ಎದ್ದಿತು. ಸೇತುವೆ, ನೀರಿನ ತೊಟ್ಟಿ, ಕಬ್ಬಿಣದ ಸರಳು ಹಾಕಿದ ಛಾವಣಿ ಇವೆಲ್ಲಕ್ಕೂ ಸಿಮೆಂಟೇ ಬೇಕು. ಅದರ ಗುಣವೇ ಗಟ್ಟಿತನ, ನೀರು ಬಿಡದಿರುವುದು. ಆ ಗುಣವು ಹಳೆಯ ಗೋಡೆಯ ಸ್ವಭಾವಕ್ಕೆ ವಿರುದ್ಧವಾದದ್ದು, ದೋಷವಿರುವುದು ಜೋಡಿಯಲ್ಲಿ.

ಹಾಗಾದರೆ ಸುಣ್ಣವು ಬಲಹೀನವೇ? ವಿಜಯಪುರದ ಗೋಳಗುಮ್ಮಟವನ್ನು ನೋಡಿದವರು ಹೀಗೆ ಕೇಳಲಾರರು. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲಿನ ಆ ಗುಮ್ಮಟದ ಒಳ ಅಡ್ಡಳತೆ ಸುಮಾರು ೧೨೪ ಅಡಿ. ಅದು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ್ದು. ಮೈಸೂರು ಸೀಮೆಯವರು ಕನ್ನಂಬಾಡಿಯನ್ನು ನೆನೆಯಬಹುದು. ೧೯೧೧ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿಗಾರೆಯಿಂದ, ಎಂದರೆ ಸುಣ್ಣಕ್ಕೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಸೇರಿಸಿದ ಗಾರೆಯಿಂದ ಕಟ್ಟಿದರು. ಅದು ಇಂದಿಗೂ ಕಾವೇರಿಯನ್ನು ತಡೆದು ನಿಂತಿದೆ.

ಸುಣ್ಣವು ಗಟ್ಟಿಯಾಗುವ ಬಗೆ ರಮ್ಯವಾದದ್ದು. ಸುಣ್ಣದ ಕಲ್ಲನ್ನು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ೧೦೦ ಸೇರು ಶುದ್ಧವಾದ ಕಲ್ಲಿನಿಂದ ೫೬ ಸೇರು ಸುಟ್ಟ ಸುಣ್ಣ ದೊರೆಯುತ್ತದೆ. ಉಳಿದ ೪೪ ಸೇರು ವಾಯುವಾಗಿ ಹೋಗುತ್ತದೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದರೆ ಭೋರ್ಗರೆದು ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳನ್ನು ಬೆರೆಸಿ ಗೋಡೆಗೆ ಹಚ್ಚಿದಾಗ ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ಅಲ್ಲಿಗೆ ಚಕ್ರ ಪೂರ್ಣವಾಯಿತು. ಇನ್ನೊಂದು ವಿಶೇಷವೇನೆಂದರೆ, ಸುಣ್ಣದ ಗಾರೆಯಲ್ಲಿ ಕೂದಲೆಳೆಯಂಥ ಸೀಳು ಬಿದ್ದರೆ, ಒಳಗಿಳಿದ ನೀರು ಉಳಿದ ಸುಣ್ಣವನ್ನು ಅಷ್ಟಿಷ್ಟು ಕರಗಿಸಿ ತಂದು ಆ ಸೀಳಿನಲ್ಲಿಯೇ ಇಳಿಸಿ, ಕ್ರಮೇಣ ಅದನ್ನು ಮುಚ್ಚುವುದುಂಟು.

ಸುಣ್ಣದಲ್ಲಿಯೂ ಭೇದಗಳುಂಟು. ಶುದ್ಧವಾದ ಬಿಳಿಯ ಸುಣ್ಣವು ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ. ಒಳಗೋಡೆಗೂ ಮೇಲಿನ ನುಣುಪಿಗೂ ಅದು ಶ್ರೇಷ್ಠ. ಜೇಡಿಯ ಅಂಶ ಕೂಡಿದ ಕಲ್ಲಿನಿಂದ ಬಂದ ಸುಣ್ಣವು ನೀರಿನ ಸಂಪರ್ಕದಲ್ಲಿಯೂ ಬಿಗಿಯುತ್ತದೆ. ನಮ್ಮ ಎರೆಹೊಲಗಳಲ್ಲಿ ನೇಗಿಲಿಗೆ ತಗಲುವ ಸುಣ್ಣದ ಹರಳುಗಳು, ಎಂದರೆ ಕಂಕರ, ಈ ಎರಡನೆಯ ಜಾತಿಯವು. ಕಟ್ಟಡದ ಸುಣ್ಣಗಳನ್ನು ವರ್ಗೀಕರಿಸುವ ಭಾರತೀಯ ಮಾನಕ ೭೧೨ರಲ್ಲಿ ಕಂಕರ ಸುಣ್ಣಕ್ಕೆ ಪ್ರತ್ಯೇಕವಾದ ‘ಇ’ ವರ್ಗವೇ ಇದೆ. ತಾಳಿಕೋಟೆಯ ಸುತ್ತಿನಲ್ಲಿ ಪದರಪದರವಾದ ಸುಣ್ಣಕಲ್ಲು ಹೇರಳವಾಗಿದೆ. ಹೀಗೆ ಹಿಂದಿನವರಿಗೆ ಗಾರೆಯ ಮೂಲದ್ರವ್ಯವು ಕಾಲ ಕೆಳಗೇ ಇದ್ದಿತು.

ಶುದ್ಧ ಸುಣ್ಣಕ್ಕೆ ನೀರಿನಲ್ಲಿ ಬಿಗಿಯುವ ಗುಣವನ್ನು ಕೊಡುವ ಉಪಾಯವೂ ಹಳೆಯದೇ. ಚೆನ್ನಾಗಿ ಸುಟ್ಟ, ಆದರೆ ಕರಕಾಗದ ಇಟ್ಟಿಗೆ ಅಥವಾ ಹೆಂಚನ್ನು ನುಣ್ಣಗೆ ಕುಟ್ಟಿ ಬೆರೆಸುವುದೇ ಅದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರುವಿಯಸ್ ಎಂಬ ವಾಸ್ತುಶಾಸ್ತ್ರಜ್ಞನು, ಗಣಿಯ ಮರಳಾದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು, ಹೊಳೆಯ ಮರಳಾದರೆ ಎರಡು ಪಾಲು ಎಂದು ವಿಧಿಸಿ, ಹೊಳೆಯ ಮರಳಿಗೆ ಮೂರನೆಯ ಒಂದರಷ್ಟು ಮಡಕೆಯ ಚೂರಿನ ಪುಡಿಯನ್ನು ಸೇರಿಸಿದರೆ ಗಾರೆ ಇನ್ನೂ ಉತ್ತಮವಾಗುವುದೆಂದು ಬರೆದಿದ್ದಾನೆ. ನಮ್ಮ ಗೌಂಡಿಗಳು ಅವನ ಹೆಸರನ್ನು ಕೇಳಿದವರಲ್ಲ. ಆದರೂ ಅದೇ ಸುರ್ಕಿಯನ್ನು ಬಲ್ಲವರಾಗಿದ್ದರು.

ಇನ್ನು ಆರಿಸುವ ಕ್ರಮಕ್ಕೆ ಬರುತ್ತೇನೆ. ಗಾರೆಯನ್ನು ಕಲಸುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಹುಡುಕಬೇಕು. ಮೇಲ್ಮುದ್ದೆ ಸೋರುತ್ತಿದೆಯೆ? ಮಾಳಿಗೆಯ ನೀರಿನ ಕೊಳವೆ ಗೋಡೆಯ ಮೇಲೆಯೇ ಸುರಿಯುತ್ತಿದೆಯೆ? ಬಚ್ಚಲ ನೀರು ಬುಡದಲ್ಲಿ ನಿಲ್ಲುತ್ತಿದೆಯೆ? ಓಣಿಗೆ ಮೇಲಿಂದ ಮೇಲೆ ಕಾಂಕ್ರೀಟು ಹಾಕಿ, ಹೊರಗಿನ ನೆಲವು ಒಳಗಿನ ನೆಲಕ್ಕಿಂತ ಎತ್ತರವಾಗಿದೆಯೆ? ಈ ಕಾರಣಗಳನ್ನು ನಿವಾರಿಸದೆ ಹಚ್ಚಿದ ಯಾವ ಗಿಲಾವೂ ನಿಲ್ಲದು. ಎಷ್ಟೋ ವೇಳೆ ಕೊಳವೆಯನ್ನು ಒಂದು ಮೊಳ ಮುಂದಕ್ಕೆ ಚಾಚಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ.

ಎರಡನೆಯದಾಗಿ, ಗೋಡೆಯಲ್ಲಿ ಮೊದಲಿದ್ದ ಗಾರೆ ಯಾವುದೆಂದು ತಿಳಿಯಬೇಕು. ಮಳೆ ತಾಗದ ಜಾಗದಿಂದ ಒಂದು ಹೆಂಟೆಯನ್ನು ತೆಗೆದು ನೀರಿನಲ್ಲಿ ಹಾಕಿರಿ. ಸ್ವಲ್ಪ ಹೊತ್ತಿನಲ್ಲಿ ಕರಗಿ ಕೆಸರಾದರೆ ಅದು ಮಣ್ಣು. ಹಾಗೆಯೇ ಉಳಿದರೆ ಸುಣ್ಣದ ಗಾರೆ. ನಿಂಬೆಯ ರಸ ಹಿಂಡಿದಾಗ ನೊರೆ ಬಂದರೆ ಸುಣ್ಣವೆಂದು ಕೆಲವರು ಹೇಳುವುದುಂಟು. ಆದರೆ ನಮ್ಮ ಎರೆಮಣ್ಣಿನಲ್ಲಿಯೇ ಸುಣ್ಣದ ಅಂಶವಿರುವುದರಿಂದ ಬರಿಯ ಮಣ್ಣೂ ನೊರೆಗೊಳ್ಳಬಹುದು. ಆದಕಾರಣ ನೀರಿನ ಪರೀಕ್ಷೆಯನ್ನೇ ಮುಂದಾಗಿ ಮಾಡತಕ್ಕದ್ದು.

ಮಣ್ಣಿನಿಂದ ಕಟ್ಟಿದ ಗೋಡೆಯ ಒಳಗಿನ ಸಂದುಗಳನ್ನು ಮಣ್ಣಿನಿಂದಲೇ ತುಂಬಬೇಕು. ಅದಕ್ಕೆ ಬರಿಯ ಎರೆಮಣ್ಣು ಸಲ್ಲದು. ಉಬ್ಬಿ ಕುಗ್ಗಿ ಬಿರಿಯುತ್ತದೆ. ಹಾಳೂರಿನ ದಿಬ್ಬದ ಬಿಳಿಮಣ್ಣಾಗಲಿ, ಬಿದ್ದ ಗೋಡೆಯ ಹಳೆಯ ಮಣ್ಣಾಗಲಿ ಮೇಲು. ಉಪ್ಪಿನ ಅಂಶವಿರುವುದನ್ನು ಮಾತ್ರ ಬಿಡಬೇಕು. ಸಣ್ಣಗೆ ಕತ್ತರಿಸಿದ ಹುಲ್ಲನ್ನೋ ಹೊಟ್ಟನ್ನೋ ಸೇರಿಸಿ, ತುಳಿದು, ಕೆಲವು ದಿನ ಕಳಿಯಬಿಟ್ಟು ಹಚ್ಚಬೇಕು. ಮಳೆ ಹೊಡೆಯುವ ಹೊರಮೈಯಲ್ಲಿ ಮಾತ್ರ ಸಂದಿನ ಬಾಯಿಗೆ ಸುಣ್ಣದ ಗಾರೆ ಇರಲಿ.

ಸುಣ್ಣದ ಗಾರೆಗೆ ಸಾಮಾನ್ಯವಾಗಿ ಒಂದು ಪಾಲು ಕಳಿತ ಸುಣ್ಣದ ಮುದ್ದೆಗೆ ಮೂರು ಪಾಲು ಮರಳು. ಬುಡದ ಮೂರು ಅಡಿಯಂಥ ತೇವದ ಜಾಗಕ್ಕೆ ಮರಳಿನ ಒಂದು ಪಾಲನ್ನು ಬಿಟ್ಟು ಆ ಸ್ಥಾನದಲ್ಲಿ ಸುರ್ಕಿಯನ್ನು ಹಾಕಬೇಕು: ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು. ಮರಳು ಮೊನಚಾಗಿಯೂ ಸಣ್ಣ ದಪ್ಪ ಕಣಗಳಿಂದ ಕೂಡಿಯೂ ಇರಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕೈಗೆ ಮಣ್ಣು ಹತ್ತಬಾರದು. ಹೊಳೆಯ ಮರಳು ದುರ್ಲಭವಾಗಿರುವ ಈ ದಿನಗಳಲ್ಲಿ, ಕರಿಕಲ್ಲನ್ನು ಅರೆದು ಮಾಡಿದ ಮರಳನ್ನು ಧೂಳು ತೊಳೆದು ಬಳಸಬಹುದು.

ಸುಣ್ಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಅರಳಿಸುವಾಗ ನೀರಿರುವ ತೊಟ್ಟಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕಲ್ಲದೆ ಸುಣ್ಣದ ರಾಶಿಯ ಮೇಲೆ ನೀರನ್ನು ಚೆಲ್ಲಕೂಡದು, ಸಿಡಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುವ ಅಪಾಯವುಂಟು. ಕಣ್ಣಿಗೆ ಕಾಪು, ಕೈಗೆ ಕವಚ ಇರಲೇಬೇಕು. ಮಕ್ಕಳನ್ನೂ ದನಕರುಗಳನ್ನೂ ದೂರವಿಡಬೇಕು. ಅರಳಿದ ಮುದ್ದೆಯನ್ನು ನೀರಿನಡಿಯಲ್ಲಿ ಎಷ್ಟು ಕಾಲ ಕಳಿಯಬಿಟ್ಟರೆ ಅಷ್ಟು ಒಳ್ಳೆಯದು. ಒಂದೆರಡು ತಿಂಗಳಾದರೂ ಬೇಕು. ಪೇಟೆಯ ಚೀಲದ ಪುಡಿಸುಣ್ಣವನ್ನು ಕೊಳ್ಳುವವರು ಅದು ಹೊಸದೇ ಎಂದು ನೋಡಬೇಕು. ಬಹುಕಾಲ ಗಾಳಿಯಾಡಿದ ಸುಣ್ಣವು ಚೀಲದಲ್ಲಿಯೇ ಸೀಮೆಸುಣ್ಣವಾಗಿಬಿಟ್ಟಿರುತ್ತದೆ.

ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಹಿಂದಿನವರು ಸೇರಿಸುತ್ತಿದ್ದರು. ಗಾರೆ ಹದವಾಗಲೂ, ಬೇಗ ಬಿರುಸಾಗದಿರಲೂ ಬೆಲ್ಲ ಸಹಾಯಮಾಡುವುದು ನಿಜ. ಆದರೆ ಗಾರೆಯ ಬಲವಿರುವುದು ಒಳ್ಳೆಯ ಸುಣ್ಣ, ಒಳ್ಳೆಯ ಮರಳು, ಚೆನ್ನಾಗಿ ಅರೆಯುವುದು, ಇವುಗಳಲ್ಲಿ. ಹಿಂದೆ ದುಂಡನೆಯ ಕಾಲುವೆಯಲ್ಲಿ ಎತ್ತುಗಳಿಂದ ಕಲ್ಲಿನ ಗಾಲಿಯನ್ನು ಎಳೆಯಿಸಿ ಅರೆಯುತ್ತಿದ್ದರು. ಈಗ ಅರೆಯುವ ಯಂತ್ರವೋ ಕುಟ್ಟುವ ಆಳುಗಳೋ ಆ ಕೆಲಸವನ್ನು ಮಾಡಬೇಕು. ಇನ್ನು “ಸುಣ್ಣಕ್ಕೆ ಸ್ವಲ್ಪ ಸಿಮೆಂಟು ಸೇರಿಸಿದರೆ ಕೆಲಸ ಬೇಗ” ಎಂಬ ರಾಜಿಯ ಮಾತಿಗೆ ಒಪ್ಪಬೇಡಿರಿ. ಬೇಗ ಬಿಗಿಯಬೇಕಾದರೆ ಸುರ್ಕಿಯುಂಟು.

ಹಚ್ಚುವ ಕ್ರಮವೂ ಮುಖ್ಯವಾದದ್ದೇ. ಸಂದಿನ ಸಡಿಲ ಮಣ್ಣನ್ನು, ಸಂದಿನ ಅಗಲದ ಎರಡರಷ್ಟು ಆಳದವರೆಗೆ, ಕೈಯಿಂದ ಕೆರೆದು ತೆಗೆಯಬೇಕು, ಯಂತ್ರದಿಂದ ಕೊರೆಯಕೂಡದು. ನೀರು ಚಿಮುಕಿಸಿ, ಗಾರೆಯನ್ನು ಒಳಕ್ಕೆ ಒತ್ತಿ ತುಂಬಬೇಕು. ಕಲ್ಲಿನ ಮೇಲೆ ಸವರಬಾರದು. ಗಿಲಾವನ್ನು ಪದರಪದರವಾಗಿ, ಒಂದೊಂದು ಪದರವೂ ಅರ್ಧ ಅಂಗುಲವನ್ನು ಮೀರದಂತೆ, ಮೊದಲಿನದು ಬಿಗಿದ ಮೇಲೆ ಮುಂದಿನದನ್ನು ಹಚ್ಚಬೇಕು. ಆ ಮೇಲೆ ಒದ್ದೆಯ ಗೋಣಿತಟ್ಟನ್ನು ಇಳಿಬಿಟ್ಟು ಒಂದೆರಡು ವಾರ ಬಿಸಿಲಿನಿಂದ ಕಾಪಾಡಬೇಕು. ನಮ್ಮಲ್ಲಿ ಇದಕ್ಕೆ ತಕ್ಕ ಕಾಲ ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಹಚ್ಚಿದ ಸುಣ್ಣ ಬಿಗಿಯುವ ಮುನ್ನವೇ ಒಣಗಿ ಪುಡಿಯಾಗುತ್ತದೆ. ಕೊನೆಗೆ ತೆಳುವಾದ ಸುಣ್ಣದ ನೀರನ್ನು ಮೂರು ನಾಲ್ಕು ಬಾರಿ ಬಳಿಯಬೇಕು. ಪ್ಲಾಸ್ಟಿಕ್ ಅಂಶದ ಬಣ್ಣವನ್ನು ಬಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ; ಅದು ಇನ್ನೊಂದು ಮಳೆಯಂಗಿ.

ಈಗಾಗಲೆ ಸಿಮೆಂಟು ಬಳಿದುಬಿಟ್ಟವರು ಏನು ಮಾಡಬೇಕು? ಗಾಬರಿಯಿಂದ ಎಲ್ಲವನ್ನೂ ಒಮ್ಮೆಗೇ ಕಿತ್ತುಹಾಕಬಾರದು. ಒಣ ದಿನಗಳಲ್ಲಿ ತಟ್ಟಿನೋಡಿ, ಟೊಳ್ಳು ಸದ್ದು ಬರುವೆಡೆಯಲ್ಲಿ ಮೊದಲು ಬಿಡಿಸಿರಿ. ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಬಲಾತ್ಕಾರದಿಂದ ಎಬ್ಬಿಸಿದರೆ ಕಲ್ಲೇ ಸಡಿಲವಾದೀತು. ಬಿಡಿಸಿದ ಮೇಲೆ ಗೋಡೆ ಒಂದು ಬೇಸಗೆ ಆರಲಿ. ಉಪ್ಪು ಹೂವಿನಂತೆ ಹೊರಬಂದರೆ ಒಣ ಕುಂಚದಿಂದ ಉಜ್ಜಿ ತೆಗೆಯಿರಿ. ನೀರಿನಿಂದ ತೊಳೆದರೆ ಅದು ಮತ್ತೆ ಒಳಹೋಗುತ್ತದೆ.

ಗಾರೆಯಿಂದ ಆಗದ ಕೆಲಸವೂ ಒಂದುಂಟು. ಅದನ್ನು ಮರೆಮಾಚುವುದು ಧರ್ಮವಲ್ಲ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನರು ಮಡಿದರು. ಅವರ ಮೇಲೆ ಬಿದ್ದುವು ನಮ್ಮವೇ ರೀತಿಯ ದಪ್ಪ ಕಲ್ಲುಗೋಡೆಗಳು, ಭಾರವಾದ ಮಣ್ಣಿನ ಮಾಳಿಗೆಗಳು. ಎರಡು ಮೈಗಳನ್ನು ಅಡ್ಡಲಾಗಿ ಹಿಡಿಯುವ ಉದ್ದಗಲ್ಲುಗಳಿಲ್ಲದ ಗೋಡೆ ಅಲುಗಿದಾಗ ಎರಡಾಗಿ ಸೀಳುತ್ತದೆ. ಎತ್ತರದಲ್ಲಿ ಎರಡೆರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೆ ಮೀರದಂತೆ ಒಂದು ಉದ್ದಗಲ್ಲು ಇರಬೇಕೆಂದು ಅದೇ ವರ್ಷ ಹೊರಟ ಭಾರತೀಯ ಮಾನಕ ೧೩೮೨೮ ವಿಧಿಸುತ್ತದೆ. ಗೋಡೆಗೆ ಹೊಟ್ಟೆ ಬಂದಿದ್ದರೆ, ಮೂಲೆ ಬಿಟ್ಟಿದ್ದರೆ, ಗಿಲಾವಿನಿಂದ ಅದನ್ನು ಮುಚ್ಚಬೇಡಿರಿ. ಆಧಾರ ಕೊಟ್ಟು, ಬಲ್ಲ ಇಂಜಿನಿಯರನ್ನು ಕರೆಯಿಸಿರಿ. ಮೇಲ್ಮುದ್ದೆಯ ಮೇಲೆ ವರ್ಷವರ್ಷವೂ ಹೊಸ ಮಣ್ಣನ್ನು ಹೇರಿ ಭಾರವನ್ನು ಬೆಳೆಸಬೇಡಿರಿ.

ಸುಣ್ಣದ ಕೆಲಸಕ್ಕೆ ಕಾಲ ಹೆಚ್ಚು, ತಾಳ್ಮೆ ಹೆಚ್ಚು, ಬಲ್ಲ ಕೈಗಳು ಕಡಮೆ ಎಂಬುದನ್ನು ನಾನು ಬಲ್ಲೆ. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಗಿತ್ತು. ಸಿಮೆಂಟಿನ ಭರದಲ್ಲಿ ಮರೆತಿದ್ದ ಸುಣ್ಣದ ಕಸಬನ್ನು, ವೆಲ್ಸ್ ಊರಿನ ದೊಡ್ಡ ಇಗರ್ಜಿಯ ಮುಂಭಾಗದ ಶಿಲ್ಪಗಳನ್ನು ಉಳಿಸುವ ನಿಮಿತ್ತ ೧೯೭೦ರ ದಶಕದಲ್ಲಿ ಅವರು ಮತ್ತೆ ಕಲಿತರು. ನಮ್ಮ ಹಳ್ಳಿಗಳಲ್ಲಿ ಆ ಕಸಬನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. ತಾವು ಮನೆಯನ್ನು ದುರಸ್ತಿ ಮಾಡಿಸುವಾಗ ಅಂಥವರೊಬ್ಬರನ್ನು ಕರೆದು ಕಟ್ಟೆಯ ಮೇಲೆ ಕುಳ್ಳಿರಿಸಿ, ಒಬ್ಬ ಎಳೆಯ ಗೌಂಡಿಗೆ ಹೇಳಿಕೊಡುವಂತೆ ಪ್ರಾರ್ಥಿಸಿರಿ. ಒಂದು ಗೋಡೆಯ ಕೆಲಸದಲ್ಲಿ ಒಬ್ಬ ಕಸಬಿಯೂ ತಯಾರಾಗುತ್ತಾನೆ.

ನಮ್ಮ ಹಿಂಗೋಡೆಯನ್ನು ಆ ಮುದುಕ ಗೌಂಡಿಯೇ ಉದ್ದಗಲ್ಲುಗಳನ್ನಿಟ್ಟು ಮತ್ತೆ ಎತ್ತಿ, ಸುಣ್ಣ ಸುರ್ಕಿಯಿಂದ ಸಂದು ತುಂಬಿದರು. ಅಂದಿನಿಂದ ಒಮ್ಮೆ ಮಾತ್ರ ಬುಡದ ಗಿಲಾವು ಉದುರಿದೆ; ಅದನ್ನು ಕೆರೆದು ಮತ್ತೆ ಹಚ್ಚಿಸಿದ್ದೇನೆ. ಉದುರಿದ ಪುಡಿಯನ್ನು ಕಂಡಾಗ ಮೊದಲಿನಂತೆ ಬೇಸರವಾಗುವುದಿಲ್ಲ. ಕೆಡಬೇಕಾದದ್ದು ಕೆಟ್ಟಿತು, ಗೋಡೆ ಉಳಿಯಿತು ಎಂದುಕೊಳ್ಳುತ್ತೇನೆ. ತಾಯಿಯವರು ತಮ್ಮ ಹಾಸಿಗೆಯನ್ನು ಮತ್ತೆ ಆ ಗೋಡೆಯ ಬದಿಗೇ ಹಾಕಿಸಿಕೊಂಡರು.